ಮೊದಲ ಕಿಡಿಗೂ ಮುನ್ನ

ಒಬ್ಬರೇ ಎತ್ತಿಕೊಂಡು ಹೋಗಬಹುದಾದ ಪ್ಲಾಸ್ಮಾ ಕಟಿಂಗ್ ಮಷಿನ್ನು ಈಗ ಸಣ್ಣ ಊರಿನ ವೆಲ್ಡಿಂಗ್ ಶೆಡ್ಡಿಗೂ ಬಂದಿದೆ. ಯಂತ್ರ ಸಣ್ಣದು. ಆದರೆ ಅದು ಕೇಳುವ ವೈರು, ಅರ್ಥಿಂಗ್, ಒಣಗಾಳಿ, ಖಾಲಿ ಜಾಗ ಯಾವುದೂ ಸಣ್ಣದಲ್ಲ. ಈ ಆಯುಧ ಪೂಜೆಗೆ ಹೊಸ ಮಷಿನ್ನು ತರುವವರು ಕುಂಕುಮ ಹಚ್ಚುವ ಮೊದಲೇ ಮುಗಿಸಬೇಕಾದ ಕೆಲಸಗಳಿವೆ.

ಹುಬ್ಬಳ್ಳಿಯ ಗೋಕುಲ ರಸ್ತೆ. ಆಯುಧ ಪೂಜೆಗೆ ಇನ್ನೆರಡೇ ದಿನ. ಫ್ಯಾಬ್ರಿಕೇಶನ್ ಶೆಡ್ಡಿನ ಮೂಲೆಗೆ ಬೂದುಗುಂಬಳ ಆಗಲೇ ಬಂದು ಕೂತಿತ್ತು. ಒಬ್ಬ ಡ್ರಿಲ್ಲಿಂಗ್ ಮಷಿನ್ನಿನ ಜಿಡ್ಡು ಒರೆಸುತ್ತಿದ್ದ, ಇನ್ನೊಬ್ಬ ವೈಸಿಗೆ ಬಣ್ಣ ಬಳಿಯುತ್ತಿದ್ದ. ಅಷ್ಟರಲ್ಲಿ ಬಾಗಿಲಿಗೆ ಟೆಂಪೊ ಬಂತು. ರಟ್ಟಿನ ಪೆಟ್ಟಿಗೆಯೊಂದನ್ನು ಹೆಲ್ಪರ್ ಹುಡುಗ ಒಬ್ಬನೇ ಹೆಗಲ ಮೇಲೆ ಹೊತ್ತು ತಂದ. ಬಿಚ್ಚಿದರೆ ಒಳಗೆ ಪ್ಲಾಸ್ಮಾ ಕಟಿಂಗ್ ಮಷಿನ್ನು, ಉದ್ದನೆಯ ಟಾರ್ಚು, ಒಂದು ಅರ್ಥ್ ಕ್ಲಾಂಪು, ಪ್ಲಾಸ್ಟಿಕ್ ಡಬ್ಬಿಯಲ್ಲಿ ನಾಲ್ಕಾರು ತಾಮ್ರದ ಟಿಪ್ಪುಗಳು.

“ಇಷ್ಟ ಸಣ್ಣದು ಹತ್ತು ಎಂಎಂ ಪ್ಲೇಟ್ ಕೊಯ್ತೈತೇನ್ರಿ?” ಹುಡುಗನಿಗೆ ಬೆರಗು. ಗೋಡೆಯ ಕಡೆ ನೋಡಿ, “ಗ್ರೈಂಡರ್ ಪ್ಲಗ್ ಖಾಲಿ ಐತ್ರಿ ಅಣ್ಣಾರ, ಒಮ್ಮೆ ಹಚ್ಚಿ ನೋಡೂಣೇನ್ರಿ?” ಎಂದ.

ಮೇಸ್ತ್ರಿ ಕೈಯಲ್ಲಿದ್ದ ಕೆಲಸ ಬಿಡದೆ ಹೇಳಿದರು: “ತಡಿಯೋ ತಮ್ಮಾ. ವಾಯರ್‌ಮನ್ ಬರೂತನಕ ಅದಕ್ಕ ಕೈ ಹಚ್ಚಬ್ಯಾಡ.”

ಎಲ್ಲ ಶೆಡ್ಡುಗಳಲ್ಲೂ ಹೀಗೆ ತಡೆಯುವವರು ಇರುವುದಿಲ್ಲ. ದೊಡ್ಡ ಲೇತ್ ಬಂದರೆ ಅದಕ್ಕೆ ಫೌಂಡೇಶನ್ ಹಾಕುತ್ತೇವೆ, ಲೆವೆಲ್ ನೋಡುತ್ತೇವೆ, ಹೊಸ ಲೈನು ಎಳೆಸುತ್ತೇವೆ. ಹೆಗಲ ಮೇಲೆ ಬಂದ ಯಂತ್ರಕ್ಕೆ ಅಂಥ ಮರ್ಯಾದೆ ಸಿಗುವುದಿಲ್ಲ. ಪೆಟ್ಟಿಗೆಯಿಂದ ತೆಗೆದದ್ದೇ ಹತ್ತಿರದ ಪ್ಲಗ್ಗಿಗೆ ಸಿಕ್ಕಿಸಿ ಟ್ರಿಗರ್ ಒತ್ತುವುದು. ಅಪಾಯ ಶುರುವಾಗುವುದೇ ಅಲ್ಲಿಂದ. ಈ ಯಂತ್ರ ಎಷ್ಟು ಸುರಕ್ಷಿತ ಎಂಬುದನ್ನು ತೀರ್ಮಾನಿಸುವುದು ಬಹುಮಟ್ಟಿಗೆ ಅದರ ಸುತ್ತಲಿನ ಶೆಡ್ಡು.

ಸೂಜಿಮೊನೆಯ ಬೆಂಕಿ

ಗ್ಯಾಸ್ ಕಟಿಂಗ್ ನಮ್ಮವರಿಗೆ ಹೊಸದಲ್ಲ. ಕೆಂಪಗೆ ಕಾದ ಕಬ್ಬಿಣ ಆಕ್ಸಿಜನ್ ಧಾರೆಯಲ್ಲಿ ತಾನೇ ಉರಿದು ಸೀಳುತ್ತದೆ. ಸ್ಟೇನ್‌ಲೆಸ್ ಸ್ಟೀಲು, ಅಲ್ಯೂಮಿನಿಯಂ ಹಾಗೆ ಉರಿಯುವುದಿಲ್ಲ. ಅದಕ್ಕೇ ಎಸ್ಎಸ್ ಗೇಟು, ರೇಲಿಂಗ್ ಮಾಡುವವರಿಗೆ ಗ್ಯಾಸು ಉಪಯೋಗಕ್ಕೆ ಬಾರದು. ಪ್ಲಾಸ್ಮಾಕ್ಕೆ ಆ ತೊಡಕಿಲ್ಲ. ಕರೆಂಟು ಹರಿಯುವ ಯಾವ ಲೋಹವನ್ನಾದರೂ ಅದು ಕೊಯ್ಯುತ್ತದೆ.

ಕೆಲಸ ನಡೆಯುವುದು ಟಾರ್ಚಿನ ತುದಿಯಲ್ಲಿ, ತಾಮ್ರದ ಟಿಪ್ಪಿನ ಸುಮಾರು ಒಂದು ಮಿಲಿಮೀಟರ್ ತೂತಿನಲ್ಲಿ. ಒಳಗಿನ ಎಲೆಕ್ಟ್ರೋಡಿನಿಂದ ಹೊರಟ ಆರ್ಕ್ ಆ ತೂತಿನೊಳಗೆ ಒತ್ತಿಕೊಂಡು ಬರುತ್ತದೆ. ಜೊತೆಗೆ ನುಗ್ಗುವ ಗಾಳಿಯ ಅಣುಗಳು ಒಡೆದು, ಎಲೆಕ್ಟ್ರಾನು ಕಳಚಿಕೊಂಡು, ಕರೆಂಟು ಹೊರುವ ಅನಿಲವಾಗುತ್ತವೆ. ಅಲ್ಲಿನ ಶಾಖ 20,000 ಡಿಗ್ರಿ ಸೆಲ್ಸಿಯಸ್ಸಿನ ಆಸುಪಾಸು. ಲೋಹ ಕರಗುತ್ತದೆ, ಗಾಳಿಯ ರಭಸ ಅದನ್ನು ಕೆಳಕ್ಕೆ ಊದಿ ಬಿಸಾಡುತ್ತದೆ.

ಈ ಸ್ಥಿತಿಗೆ ಪ್ಲಾಸ್ಮಾ ಎಂಬ ಹೆಸರನ್ನು 1928ರಲ್ಲಿ ಕೊಟ್ಟವರು ಅಮೆರಿಕದ ವಿಜ್ಞಾನಿ ಇರ್ವಿಂಗ್ ಲ್ಯಾಂಗ್ಮ್ಯೂರ್. ಟಿಗ್ ವೆಲ್ಡಿಂಗಿನ ಆರ್ಕನ್ನು ಕಿರಿದಾದ ತೂತಿನಲ್ಲಿ ಬಿಗಿದರೆ ಅದೇ ಕತ್ತಿಯಾಗುತ್ತದೆ ಎಂದು ಕಂಡುಕೊಂಡವರು ಯೂನಿಯನ್ ಕಾರ್ಬೈಡ್ ಕಂಪನಿಯ ರಾಬರ್ಟ್ ಗೇಜ್. ಅವರ ಪೇಟೆಂಟು 1957ರದು. ಬಹಳ ವರ್ಷ ಈ ವಿದ್ಯೆ ದೊಡ್ಡ ಕಾರ್ಖಾನೆಗಳ ಸೊತ್ತಾಗಿತ್ತು. ಒಳಗಿನ ಭಾರೀ ಟ್ರಾನ್ಸ್‌ಫಾರ್ಮರಿನ ಜಾಗಕ್ಕೆ ಇನ್ವರ್ಟರ್ ಸರ್ಕೀಟು ಬಂದ ಮೇಲೆ ಯಂತ್ರ ಹಗುರಾಯಿತು. ಹಗುರಾಗಿದ್ದು ತೂಕ ಮಾತ್ರ, ಆರ್ಕಿನ ಶಕ್ತಿ ಅಷ್ಟೇ ಇದೆ.

ಗ್ರೈಂಡರ್ ಪ್ಲಗ್ಗಿಗೆ ಯಾಕೆ ಹಚ್ಚಬಾರದು

ಲೆಕ್ಕ ಹಾಕಿ ನೋಡೋಣ. 40 ಆಂಪಿಯರಿನ ಸಣ್ಣ ಮಷಿನ್ನು ಪೂರ್ತಿ ಓಡುವಾಗ ಆರ್ಕಿನ ಮೇಲೆ ಹತ್ತಿರ ಹತ್ತಿರ 96 ವೋಲ್ಟ್ ಇರುತ್ತದೆ. ಎರಡನ್ನೂ ಗುಣಿಸಿದರೆ 3,840 ವ್ಯಾಟ್. ಯಂತ್ರದೊಳಗಿನ ನಷ್ಟ, ಪವರ್ ಫ್ಯಾಕ್ಟರ್ ಎಲ್ಲ ಸೇರಿಸಿದರೆ 230 ವೋಲ್ಟಿನ ಸಿಂಗಲ್ ಫೇಸಿನಿಂದ ಅದು 25ರಿಂದ 30 ಆಂಪಿಯರ್ ಎಳೆಯುತ್ತದೆ. ಗೋಡೆಯ ಪವರ್ ಪ್ಲಗ್ ಇರುವುದು 16 ಆಂಪಿಯರಿಗೆ.

ಮೊದಲ ದಿನ ಏನೂ ಆಗದು. ಸಣ್ಣ ಸಣ್ಣ ಕಟಿಂಗಿಗೆ ಪ್ಲಗ್ಗು ಬೆಚ್ಚಗಾಗಿ ಮತ್ತೆ ತಣಿಯುತ್ತದೆ. ಹೀಗೆ ಕಾದು ತಣಿದು ಒಳಗಿನ ಪಿನ್ನು ಸಡಿಲವಾಗುತ್ತದೆ, ಸಡಿಲವಾದಷ್ಟೂ ಹೆಚ್ಚು ಕಾಯುತ್ತದೆ. ನಡುವೆ ಎಂಸಿಬಿ ಬಿದ್ದರೆ ಯಾರೋ ಅದನ್ನು ತೆಗೆದು ಇನ್ನೂ ದೊಡ್ಡ ಎಂಸಿಬಿ ಹಾಕಿ ಹೋಗುತ್ತಾರೆ. ನನ್ನ ಮಟ್ಟಿಗೆ ಇಡೀ ಶೆಡ್ಡಿನಲ್ಲಿ ಇದಕ್ಕಿಂತ ಕೆಟ್ಟ ರಿಪೇರಿ ಇಲ್ಲ. ಎಂಸಿಬಿ ಇರುವುದು ಗೋಡೆಯೊಳಗಿನ ವೈರನ್ನು ಕಾಯಲು. ವೈರು ಹಳೆಯದೇ ಇದ್ದು ಎಂಸಿಬಿ ಮಾತ್ರ ದೊಡ್ಡದಾದರೆ, ಮುಂದಿನ ಸಲ ಬೀಳಬೇಕಾದ್ದು ಬೀಳದೆ ವೈರೇ ಹೊತ್ತಿಕೊಳ್ಳುತ್ತದೆ.

ಈ ಅಳತೆಯ ಮಷಿನ್ನಿಗೆ ಮೇನ್ ಬೋರ್ಡಿನಿಂದಲೇ ಬೇರೆ ಲೈನು ಬೇಕು. 6 ಸ್ಕ್ವೇರ್ ಎಂಎಂ ತಾಮ್ರದ ವೈರು, ಅದಕ್ಕೇ ಮೀಸಲಾದ 32 ಆಂಪಿಯರ್ ಎಂಸಿಬಿ, 32 ಆಂಪಿಯರಿನ ಇಂಡಸ್ಟ್ರಿಯಲ್ ಸಾಕೆಟ್ಟು, ಕೈಗೆ ಎಟುಕುವಲ್ಲಿ ಒಂದು ಐಸೊಲೇಟರ್. ಎಕ್ಸ್‌ಟೆನ್ಶನ್ ಇಲ್ಲದೆ ಆಗುವುದೇ ಇಲ್ಲ ಎಂದಾದರೆ ಅಷ್ಟೇ ದಪ್ಪದ ಕೇಬಲ್ಲು, ಅದೂ ಪೂರ್ತಿ ಬಿಚ್ಚಿ ಹಾಸಿದ್ದು. ಸುತ್ತಿಟ್ಟ ಕೇಬಲ್ಲಿನ ನಡುವಿನ ಸುರುಳಿಗೆ ಶಾಖ ಬಿಡಲು ದಾರಿ ಇರದೆ ಅದರ ಹೊದಿಕೆ ಕರಗುತ್ತದೆ.

ತ್ರೀ ಫೇಸ್ ಮಷಿನ್ನಿನಲ್ಲಿ ಬೇರೆ ಗಂಡಾಂತರ. ಅದರ ಕೇಬಲ್ಲಿನಲ್ಲಿ ನಾಲ್ಕು ವೈರು ಕಂಡದ್ದೇ ಕೆಲವರು ನಾಲ್ಕನೆಯದು ನ್ಯೂಟ್ರಲ್ ಎಂದುಕೊಂಡು ಹಾಗೇ ಜೋಡಿಸಿಬಿಡುತ್ತಾರೆ. ಹಸಿರು-ಹಳದಿ ಪಟ್ಟೆಯ ಆ ವೈರು ಅರ್ಥಿಂಗಿನದು. ಅದನ್ನು ನ್ಯೂಟ್ರಲ್ಲಿಗೆ ಕಟ್ಟಿದ ಮೇಲೆ ಆ ಕಡೆಯ ನ್ಯೂಟ್ರಲ್ ಎಲ್ಲಾದರೂ ಕಡಿದರೆ ಮಷಿನ್ನಿನ ಕಬ್ಬಿಣದ ಮೈಯೇ ಕರೆಂಟು ಹೊರುತ್ತದೆ.

ಕನೆಕ್ಷನ್ನಿನ ಮಂಜೂರಾದ ಲೋಡನ್ನೂ ನೋಡಬೇಕು. 10 ಎಚ್‌ಪಿ ಎಂದರೆ 7.46 ಕಿಲೋವ್ಯಾಟ್. 100 ಆಂಪಿಯರಿನ ಪ್ಲಾಸ್ಮಾ ಒಂದೇ ಅದನ್ನು ದಾಟುತ್ತದೆ, ಮೇಲೆ ಕಂಪ್ರೆಸರ್ ಬೇರೆ. ಎಸ್ಕಾಂ ಕಚೇರಿಗೆ ಹೋಗಿ ಲೋಡು ಹೆಚ್ಚಿಸಿಕೊಳ್ಳುವುದು, ಪರವಾನಗಿ ಇರುವ ಎಲೆಕ್ಟ್ರಿಕಲ್ ಗುತ್ತಿಗೆದಾರರಿಂದ ಲೈನು ಎಳೆಸುವುದು ಯಂತ್ರದ ಖರ್ಚಿನಲ್ಲೇ ಸೇರಬೇಕು.

---

ಬಾಕ್ಸ್: ಹಿಂಬದಿಯ ಪಟ್ಟಿ ಓದಿ

ಮಷಿನ್ನಿನ ಹಿಂಭಾಗದ ಲೋಹದ ಪಟ್ಟಿಯಲ್ಲಿ ಖರೀದಿಗೆ ಮೊದಲೇ ನೋಡಬೇಕಾದ ಅಂಕಿಗಳಿವೆ.

ಇನ್‌ಪುಟ್ ಕರೆಂಟು: ವೈರು, ಎಂಸಿಬಿಯ ಅಳತೆ ತೀರ್ಮಾನವಾಗುವುದು ಇದರಿಂದ. ಮಷಿನ್ನಿನ ಹೆಸರಿನ ಜೊತೆ ದಪ್ಪಕ್ಷರದಲ್ಲಿರುವ 40, 60 ಎಂಬುದು ಔಟ್‌ಪುಟ್.

ಡ್ಯೂಟಿ ಸೈಕಲ್: 60% ಎಂದರೆ 10 ನಿಮಿಷದಲ್ಲಿ 6 ನಿಮಿಷ ಕಟಿಂಗ್, 4 ನಿಮಿಷ ವಿರಾಮ. ಈ ಲೆಕ್ಕ ಸಾಮಾನ್ಯವಾಗಿ 40 ಡಿಗ್ರಿ ವಾತಾವರಣಕ್ಕೆ. ರಾಯಚೂರು, ಕಲಬುರಗಿಯ ಬೇಸಿಗೆಯಲ್ಲಿ ತಗಡಿನ ಶೆಡ್ಡಿನೊಳಗೆ ವಿರಾಮ ಇನ್ನೂ ಹೆಚ್ಚು ಬೇಕು.

ಓಪನ್ ಸರ್ಕೀಟ್ ವೋಲ್ಟೇಜ್: ವೆಲ್ಡಿಂಗ್ ಮಷಿನ್ನಿನಲ್ಲಿ 100ರ ಒಳಗಿರುವುದು ಇಲ್ಲಿ 250-300 ಡಿಸಿ ವೋಲ್ಟ್ ಮುಟ್ಟುತ್ತದೆ.

---

ಆ ಕೊನೆಯ ಅಂಕಿಯ ಬಗ್ಗೆ ಇನ್ನೊಂದು ಮಾತು ಹೇಳಲೇಬೇಕು. ವೆಲ್ಡಿಂಗ್ ಮಾಡಿ ಅಭ್ಯಾಸವಾದವರು ಬೆವರಿದ ಕೈಯಲ್ಲಿ ಹೋಲ್ಡರ್ ಹಿಡಿದು, “ಚುರ್ ಅಂತೈತಿ ಅಷ್ಟ” ಎನ್ನುತ್ತಾರೆ. ಅದೇ ಸಲುಗೆ ಇಲ್ಲಿ ಜೀವ ತೆಗೆಯಬಹುದು. 30 ಮಿಲಿಆಂಪಿಯರಿನ ಆರ್‌ಸಿಸಿಬಿ ಹಾಕಿದ್ದೇವೆ ಎಂಬ ಧೈರ್ಯವೂ ಪೂರ್ತಿ ಸಾಲದು. ಆರ್‌ಸಿಸಿಬಿ ಕಾಯುವುದು ಲೈನಿನಿಂದ ಮಷಿನ್ನಿನವರೆಗಿನ ಭಾಗವನ್ನು. ಮಷಿನ್ನಿನಿಂದ ಟಾರ್ಚಿಗೆ ಹೋಗುವ ಸರ್ಕೀಟು ಒಳಗಿನ ಟ್ರಾನ್ಸ್‌ಫಾರ್ಮರಿನ ಆಚೆಗಿದೆ. ಟಾರ್ಚಿಗೂ ಪ್ಲೇಟಿಗೂ ನಡುವೆ ಮನುಷ್ಯ ಸಿಕ್ಕಿಕೊಂಡರೆ ಆರ್‌ಸಿಸಿಬಿಗೆ ಸುಳಿವೇ ಸಿಗದು. ಅಲ್ಲಿ ಕಾಯುವುದು ಒಣಗಿದ ಚರ್ಮದ ಗ್ಲೌಸು, ರಬ್ಬರ್ ಅಟ್ಟೆಯ ಬೂಟು, ಕಾಲಡಿಯ ಇನ್ಸುಲೇಟಿಂಗ್ ಮ್ಯಾಟು. ಚಪ್ಪಲಿಯಲ್ಲಿ ಬಂದ ಹುಡುಗನ ಕೈಗೆ ಟಾರ್ಚು ಕೊಡಲೇಬಾರದು.

ಇದ್ದಿಲು, ಉಪ್ಪು, ಒಂದು ಕೊಡ ನೀರು

ಶೆಡ್ಡಿನ ಕಬ್ಬಿಣದ ಕಂಬಕ್ಕೆ ವೈರು ಸುತ್ತಿದರೆ ಅರ್ಥಿಂಗ್ ಆಯಿತು ಎಂಬ ನಂಬಿಕೆ ನಮ್ಮಲ್ಲಿ ಇನ್ನೂ ಬಲವಾಗಿದೆ. ಕಂಬದ ಬುಡ ಕಾಂಕ್ರೀಟಿನಲ್ಲಿ, ಮೇಲೆ ಬಣ್ಣದ ಪದರ. ಕರೆಂಟು ಸೋರಿದಾಗ ಎಂಸಿಬಿ ಬೀಳುವಷ್ಟು ಹರಿವಿಗೆ ಅಲ್ಲಿ ದಾರಿ ಇರುತ್ತದೆ ಎಂಬ ಭರವಸೆಯೇ ಇಲ್ಲ. ಬದಲಿಗೆ ಇಡೀ ಶೆಡ್ಡಿನ ಕಬ್ಬಿಣ ಕರೆಂಟು ಹಿಡಿದು ನಿಲ್ಲಬಹುದು.

ಸರಿಯಾದ ಅರ್ಥ್ ಪಿಟ್ಟು ಹೇಗಿರಬೇಕೆಂದು ಭಾರತೀಯ ಮಾನಕ ಐಎಸ್ 3043 ಹೇಳುತ್ತದೆ. ಪ್ಲೇಟ್ ಅರ್ಥಿಂಗಿಗೆ ಕನಿಷ್ಠ 60 ಸೆಂ.ಮೀ. ಚೌಕದ ತಗಡು, ತಾಮ್ರವಾದರೆ 3.15 ಮಿ.ಮೀ. ದಪ್ಪ, ಜಿಐ ಆದರೆ ಅದರ ಎರಡು ಪಟ್ಟು. ಸುತ್ತ ಇದ್ದಿಲು-ಉಪ್ಪಿನ ಪದರ ಹಾಕುವುದು ನಮ್ಮ ವಾಯರ್‌ಮನ್‌ಗಳಿಗೆ ರೂಢಿ. ಹಾಕಿದ ಮೇಲೆ ಮರೆಯುವುದೂ ಅಷ್ಟೇ ರೂಢಿ. ಬೇಸಿಗೆಯಲ್ಲಿ ಮಣ್ಣು ಒಣಗಿದಂತೆ ಅದರ ತಡೆ ಏರುತ್ತದೆ. ಪಿಟ್ಟಿನ ಮುಚ್ಚಳ ತೆಗೆದು ಆಗಾಗ ಒಂದು ಕೊಡ ನೀರು ಸುರಿಯುವುದು, ವರ್ಷಕ್ಕೊಮ್ಮೆ ಮೀಟರ್ ಹಿಡಿದು ಅಳೆಸುವುದು ದೊಡ್ಡ ಖರ್ಚಲ್ಲ. ಕಟಿಂಗ್ ಟೇಬಲ್ಲಿನಿಂದಲೂ ಈ ಪಿಟ್ಟಿಗೆ ಒಂದು ವೈರು ಹೋಗಬೇಕು.

ಪೆಟ್ಟಿಗೆಯಲ್ಲಿ ಬಂದ ಅರ್ಥ್ ಕ್ಲಾಂಪನ್ನು ಇದರೊಂದಿಗೆ ಬೆರೆಸಬಾರದು. ಅದು ಕಟಿಂಗ್ ಕರೆಂಟು ಮಷಿನ್ನಿಗೆ ವಾಪಸು ಬರುವ ದಾರಿ. ಬಣ್ಣ, ತುಕ್ಕು ಉಜ್ಜಿ ತೆಗೆದ ಜಾಗದಲ್ಲಿ, ಕೊಯ್ಯುವ ಪ್ಲೇಟಿಗೇ ಹಿಡಿಸಬೇಕು. ಕತ್ತರಿಸಿ ಕೆಳಗೆ ಬೀಳುವ ತುಂಡಿಗಲ್ಲ.

ಮಳೆಗಾಲದ ಗಾಳಿಯಲ್ಲಿ ಎಷ್ಟು ನೀರು?

ಕರೆಂಟಿನ ಬಗ್ಗೆ ಎಚ್ಚರ ಇರುವವರೂ ಗಾಳಿಯ ಬಗ್ಗೆ ಉಪೇಕ್ಷೆ ಮಾಡುತ್ತಾರೆ. ಸಣ್ಣ ಮಷಿನ್ನಿಗೆ ಸುಮಾರು 5 ಬಾರ್ ಒತ್ತಡದಲ್ಲಿ ನಿಮಿಷಕ್ಕೆ 150 ಲೀಟರಿನಷ್ಟು ಗಾಳಿ ಬೇಕು. ಗಂಟೆಗೆ 9 ಘನ ಮೀಟರ್ ಆಯಿತು. ಮಂಗಳೂರಿನ ಬೈಕಂಪಾಡಿಯಲ್ಲಿ ಜುಲೈ ತಿಂಗಳ ಒಂದು ದಿನ 30 ಡಿಗ್ರಿ ಶಾಖ, 80% ತೇವ ಇದೆ ಎಂದುಕೊಳ್ಳಿ. ಅಂಥ ಗಾಳಿಯ ಪ್ರತಿ ಘನ ಮೀಟರಿನಲ್ಲಿ 24 ಗ್ರಾಂ ನೀರಿನ ಆವಿ ಇರುತ್ತದೆ. ಕಂಪ್ರೆಸರಿನ ಟ್ಯಾಂಕಿನಲ್ಲಿ 7 ಬಾರಿಗೆ ಒತ್ತಿ, ಮತ್ತೆ 30 ಡಿಗ್ರಿಗೆ ತಣಿದಾಗ ಅದರಲ್ಲಿ 4 ಗ್ರಾಂ ಕೂಡ ಆವಿಯಾಗಿ ಉಳಿಯಲಾರದು. ಉಳಿದ 20 ಗ್ರಾಂ ನೀರೇ ಆಗುತ್ತದೆ. ಒಂಬತ್ತರಿಂದ ಗುಣಿಸಿದರೆ ಗಂಟೆಗೆ 180 ಮಿಲಿಲೀಟರ್, ಒಂದು ಲೋಟ ನೀರು.

ಆ ನೀರು ಟಾರ್ಚಿಗೆ ಹೋದರೆ ಆರ್ಕ್ ಪಟಪಟ ಸಿಡಿಯುತ್ತದೆ. ತಾಮ್ರದ ಎಲೆಕ್ಟ್ರೋಡಿನ ನಡುವೆ ಹಾಫ್ನಿಯಂ ಎಂಬ ಲೋಹದ ಸಣ್ಣ ಚುಕ್ಕೆ ಇರುತ್ತದೆ. ಆರ್ಕ್ ಹೊರಡುವುದು ಅಲ್ಲಿಂದ. ತೇವ ಸೇರಿದರೆ ಅದು ಬೇಗ ಸವೆದು ಗುಳಿ ಬೀಳುತ್ತದೆ, ಟಿಪ್ಪಿನ ತೂತು ಮೊಟ್ಟೆಯಾಕಾರಕ್ಕೆ ಹಿಗ್ಗುತ್ತದೆ, ಆರ್ಕ್ ಓರೆಯಾಗಿ ನುಗ್ಗಿ ಟಾರ್ಚಿನ ತಲೆಯನ್ನೇ ಸುಡುತ್ತದೆ. ಟಾರ್ಚು ಹಿಡಿದ ಬೆರಳುಗಳು ಅಲ್ಲಿಂದ ಗೇಣಿನೊಳಗೇ ಇರುತ್ತವೆ.

ಮಷಿನ್ನಿನ ಬೆನ್ನಿಗೆ ಬರುವ ಸಣ್ಣ ಫಿಲ್ಟರ್ ಬಟ್ಟಲೊಂದನ್ನೇ ನೆಚ್ಚಬಾರದು. ಟ್ಯಾಂಕಿನ ಕೆಳಗಿನ ಡ್ರೇನ್ ಕಾಕು ದಿನವೂ ತೆರೆಯಬೇಕು. ಟ್ಯಾಂಕಿನಿಂದ ಮಷಿನ್ನಿಗೆ ಬರುವ ಪೈಪು ಸಾಕಷ್ಟು ಉದ್ದವಿದ್ದು ಇಳಿಜಾರಾಗಿದ್ದರೆ ಗಾಳಿ ತಣಿದು ನೀರು ದಾರಿಯಲ್ಲೇ ಇಳಿಯುತ್ತದೆ, ಅಲ್ಲೊಂದು ಡ್ರೇನ್ ಇಡಬಹುದು. ಆಮೇಲೆ ಫಿಲ್ಟರು, ರೆಗ್ಯುಲೇಟರು. ಕರಾವಳಿ, ಮಲೆನಾಡಿನವರು ಏರ್ ಡ್ರೈಯರ್ ಹಾಕಿಸುವುದೇ ಲೇಸು. ಟಿಪ್ಪುಗಳ ಉಳಿತಾಯದಲ್ಲಿ ಆ ಹಣ ವಾಪಸು ಬರುತ್ತದೆ. ತೋಟಕ್ಕೆ ನೀರು ಬಿಡುವ ಪೈಪು ಬೇಡ, ಒತ್ತಡ ತಡೆಯುವ ಏರ್ ಹೋಸೇ ಬೇಕು.

ಕಂಪ್ರೆಸರ್ ಕೆಟ್ಟ ದಿನ ಪಕ್ಕದಲ್ಲಿರುವ ಆಕ್ಸಿಜನ್ ಸಿಲಿಂಡರ್ ಜೋಡಿಸೋಣ ಎಂಬ ಯೋಚನೆ ಬಂದರೆ ಅದನ್ನು ಅಲ್ಲೇ ಬಿಡಿ. ಗಾಳಿಗೆಂದು ಮಾಡಿದ ಟಾರ್ಚಿಗೆ ಆಕ್ಸಿಜನ್ ಕೊಟ್ಟರೆ ಟಾರ್ಚೇ ಹೊತ್ತಿ ಉರಿಯಬಹುದು.

ಎಲ್ಲಿಡಬೇಕು

ಗ್ರೈಂಡರಿನಿಂದ ದೂರ, ಬಣ್ಣದಿಂದ ಇನ್ನೂ ದೂರ.

ಮಷಿನ್ನಿನ ಫ್ಯಾನು ಹಿಂದಿನಿಂದ ಗಾಳಿ ಎಳೆದುಕೊಳ್ಳುತ್ತದೆ. ಗ್ರೈಂಡಿಂಗ್ ನಡೆಯುವಲ್ಲಿ ಇಟ್ಟರೆ ಗಾಳಿಯ ಜೊತೆ ಕಬ್ಬಿಣದ ಪುಡಿಯೂ ಒಳಹೋಗಿ ಸರ್ಕೀಟ್ ಬೋರ್ಡಿನ ಮೇಲೆ ಕೂರುತ್ತದೆ. ಅದು ಕರೆಂಟು ಹರಿಸುವ ಪುಡಿ. ಒಂದು ತೇವದ ಬೆಳಗ್ಗೆ ಸ್ವಿಚ್ಚು ಹಾಕಿದಾಗ ಢಮ್ ಎನ್ನುತ್ತದೆ. ನಾಲ್ಕೂ ಕಡೆ ಒಂದೂವರೆ ಅಡಿ ಬಿಟ್ಟು, ನೆಲದಿಂದ ಎತ್ತರದ ಸ್ಟ್ಯಾಂಡಿನ ಮೇಲೆ ಇಡಬೇಕು. ಪೂಜೆಯ ದಿನ ವಿಭೂತಿ, ಕುಂಕುಮ ಮುಂದಿನ ಪ್ಯಾನೆಲ್ಲಿಗೆ ಹಚ್ಚಿದರೆ ಸಾಕು. ಫ್ಯಾನಿನ ಜಾಲರಿಗೆ ಬೇಡ, ತೀರ್ಥ ಪ್ರೋಕ್ಷಣೆಯೂ ದೂರದಿಂದಿರಲಿ.

ಬಣ್ಣದ ಮಾತು ಇದಕ್ಕಿಂತ ಗಂಭೀರ. ನಮ್ಮ ಗ್ರಿಲ್ಲು-ಗೇಟಿನ ಶೆಡ್ಡುಗಳಲ್ಲಿ ಒಂದು ಕಡೆ ಕಟಿಂಗ್ ನಡೆದರೆ ಹತ್ತು ಹೆಜ್ಜೆಯ ಆಚೆ ರೆಡ್ ಆಕ್ಸೈಡ್ ಬಳಿಯುತ್ತಿರುತ್ತಾರೆ, ಮುಚ್ಚಳವಿಲ್ಲದ ಥಿನ್ನರ್ ಡಬ್ಬಿ ಅಲ್ಲೇ ಇರುತ್ತದೆ. ಪ್ಲಾಸ್ಮಾದ ಕಿಡಿ ಗಾಳಿಯ ರಭಸಕ್ಕೆ ಹಾರುತ್ತದೆ, ನೆಲದ ಮೇಲೆ ಪುಟಿಯುತ್ತ ಉರುಳುತ್ತದೆ. ಬೆಂಕಿ ಸುರಕ್ಷತೆಯ ನಿಯಮಗಳು ಕಟಿಂಗ್ ಜಾಗದ ಸುತ್ತ 35 ಅಡಿ, ಅಂದರೆ 10 ಮೀಟರಿಗೂ ಹೆಚ್ಚು, ಉರಿಯುವ ವಸ್ತು ಇರಬಾರದು ಎನ್ನುತ್ತವೆ. ಸಣ್ಣ ಶೆಡ್ಡಿನಲ್ಲಿ ಅಷ್ಟು ಜಾಗ ಸಿಗದಿದ್ದರೆ ನಡುವೆ ತಗಡಿನ ಪರದೆ ನಿಲ್ಲಿಸಬೇಕು, ಬಣ್ಣದ ಕೆಲಸಕ್ಕೆ ಬೇರೆ ಹೊತ್ತು ಗೊತ್ತುಮಾಡಬೇಕು. ಎಲ್‌ಪಿಜಿ, ಆಕ್ಸಿಜನ್ ಸಿಲಿಂಡರುಗಳ ಹೋಸು ಕಿಡಿಯ ದಾರಿಯಲ್ಲಿ ಇರಲೇಬಾರದು. ಕೆಲಸ ಮುಗಿದ ಮೇಲೂ ಒಂದು ತಾಸು ಒಬ್ಬರು ಕಣ್ಣಿಟ್ಟಿರಬೇಕು. ಗೋಣಿಚೀಲದೊಳಗೆ ಹೊಕ್ಕ ಕಿಡಿ ಕೂಡಲೇ ಉರಿಯುವುದಿಲ್ಲ, ಎಲ್ಲರೂ ಊಟಕ್ಕೆ ಹೋದ ಮೇಲೆ ಉರಿಯುತ್ತದೆ.

ಬರಿಯ ಸಿಮೆಂಟು ನೆಲದ ಮೇಲೆ ಕೊಯ್ಯಬಾರದು. ಕರಗಿದ ಲೋಹ ಬಿದ್ದಾಗ ಕಾಂಕ್ರೀಟಿನೊಳಗಿನ ತೇವ ಆವಿಯಾಗಿ ಚಕ್ಕೆ ಸಿಡಿಯುತ್ತದೆ. ಕೆಳಗೆ ಒಣ ಮರಳಿನ ಟ್ರೇ ಇಟ್ಟರೆ ಸಾಕು.

ಹೊಗೆ

ಪ್ಲಾಸ್ಮಾ ಕಟಿಂಗಿನ ಹೊಗೆಯಲ್ಲಿ ಲೋಹದ ಅತಿ ಸಣ್ಣ ಕಣಗಳು, ಓಝೋನ್, ನೈಟ್ರೋಜನ್ ಆಕ್ಸೈಡುಗಳು ಇರುತ್ತವೆ. ಜಿಐ ಶೀಟು ಕೊಯ್ದ ದಿನ ರಾತ್ರಿ ಚಳಿ ಜ್ವರ, ಮೈಕೈ ನೋವು, ಬಾಯಲ್ಲಿ ಲೋಹದ ರುಚಿ ಬರುವುದು ಸತುವಿನ ಹೊಗೆಯಿಂದ. ಒಂದೆರಡು ದಿನದಲ್ಲಿ ಅದು ಇಳಿಯುತ್ತದೆ. ಸ್ಟೇನ್‌ಲೆಸ್ ಸ್ಟೀಲಿನದು ಹಾಗಲ್ಲ. ಅದರ ಕ್ರೋಮಿಯಂ ಕಾದಾಗ ಹುಟ್ಟುವ ಹೆಕ್ಸಾವೇಲೆಂಟ್ ರೂಪ ಶ್ವಾಸಕೋಶದ ಕ್ಯಾನ್ಸರಿಗೆ ಕಾರಣವೆಂದು ಸಾಬೀತಾಗಿದೆ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 2017ರಲ್ಲಿ ವೆಲ್ಡಿಂಗ್ ಹೊಗೆಯನ್ನೇ ಮೊದಲ ಗುಂಪಿಗೆ, ಅಂದರೆ ಖಚಿತವಾಗಿ ಕ್ಯಾನ್ಸರ್ ತರುವವುಗಳ ಸಾಲಿಗೆ, ಸೇರಿಸಿತು. ಬೆಲ್ಲ ತಿಂದರೆ, ಹಾಲು ಕುಡಿದರೆ ಹೊಗೆ ಕರಗುತ್ತದೆ ಎಂದು ನಂಬಿ ದಿನ ದೂಡುವ ಹುಡುಗರನ್ನು ಕಂಡಾಗ ನನಗೆ ಸಂಕಟವಾಗುತ್ತದೆ. ಹೊಟ್ಟೆಗೆ ಹೋದ ಬೆಲ್ಲ ಶ್ವಾಸಕೋಶವನ್ನು ತೊಳೆಯದು.

ಎಕ್ಸಾಸ್ಟ್ ಫ್ಯಾನು ಟೇಬಲ್ಲಿನ ಆಚೆ ಬದಿಯ ಗೋಡೆಯಲ್ಲಿ, ಟೇಬಲ್ಲಿನ ಎತ್ತರಕ್ಕೇ ಇರಬೇಕು. ಆಗ ಹೊಗೆ ಮುಖದಿಂದ ದೂರ ಸರಿಯುತ್ತದೆ. ಚಾವಣಿಯ ಫ್ಯಾನು ಅದೇ ಹೊಗೆಯನ್ನು ಮೂಗಿನ ಮುಂದೆ ಹಾಯಿಸಿಯೇ ಮೇಲಕ್ಕೆ ಒಯ್ಯುತ್ತದೆ. ಮುಖಕ್ಕೆ ಕರವಸ್ತ್ರ ಸಾಲದು, ಎನ್95 ದರ್ಜೆಯ ಮಾಸ್ಕ್ ಬೇಕು. ಅದು ಕೂಡ ಕಣಗಳನ್ನು ತಡೆಯುತ್ತದೆ, ಓಝೋನನ್ನು ತಡೆಯದು. ಇನ್ನೊಂದು ಎಚ್ಚರ: ಕ್ಲೋರಿನ್ ಇರುವ ಡಿಗ್ರೀಸರಿನಿಂದ ಪ್ಲೇಟು ಒರೆಸಿ, ಆರುವ ಮುನ್ನವೇ ಕೊಯ್ದರೆ ಆರ್ಕಿನ ಬೆಳಕಿಗೆ ಫಾಸ್ಜೀನ್ ಎಂಬ ವಿಷಾನಿಲ ಹುಟ್ಟಬಹುದು.

---

ಬಾಕ್ಸ್: ಕಣ್ಣಿಗೆ ಯಾವ ಗ್ಲಾಸು?

ಅಮೆರಿಕದ ಆನ್ಸಿ ಮಾನಕದ ಪ್ರಕಾರ 20ರಿಂದ 40 ಆಂಪಿಯರಿಗೆ 5ನೇ ನಂಬರ್ ಶೇಡ್, 40ರಿಂದ 60ಕ್ಕೆ 6, ಅದರ ಮೇಲೆ 8. ಗ್ಯಾಸ್ ಕಟಿಂಗಿನ 3-4ನೇ ನಂಬರ್ ಕನ್ನಡಕ ಇಲ್ಲಿ ನಡೆಯದು. ಅದು ಮುಖದ ಚರ್ಮವನ್ನೂ ಮುಚ್ಚುವುದಿಲ್ಲ.

ಬರಿಗಣ್ಣಲ್ಲಿ ನೋಡಿದ ತೊಂದರೆ ಕಾಣುವುದು 6ರಿಂದ 12 ತಾಸಿನ ನಂತರ: ಮಧ್ಯರಾತ್ರಿ ಕಣ್ಣಿಗೆ ಮರಳು ಸುರಿದಂಥ ಉರಿ. ಆಲೂಗಡ್ಡೆ ಹೋಳು, ಹಾಲಿನ ಹನಿ ಬೇಡ. ಮೆಡಿಕಲ್ ಶಾಪಿನಲ್ಲಿ ಸಿಗುವ ಮರಗಟ್ಟಿಸುವ ಹನಿಯನ್ನು ಮತ್ತೆ ಮತ್ತೆ ಹಾಕಿಕೊಂಡರೆ ಕಾರ್ನಿಯಾ ಶಾಶ್ವತವಾಗಿ ಹಾಳಾಗಬಹುದು. ಕಣ್ಣಿನ ಡಾಕ್ಟರ ಬಳಿಗೇ ಹೋಗಬೇಕು.

---

ಮೊದಲ ದಿನ

ಲೈನು, ಅರ್ಥಿಂಗ್, ಗಾಳಿ ಮೂರೂ ಸಿದ್ಧವಾದ ಮೇಲೆ ಮೊದಲು ಕೊಯ್ಯಬೇಕಾದ್ದು ಗಿರಾಕಿಯ ಮಾಲಲ್ಲ, ಒಂದು ಗುಜರಿ ಪ್ಲೇಟು. ಹತ್ತು ನಿಮಿಷ ಕೆಲಸ ಮಾಡಿ ಸ್ವಿಚ್ಚು ಆರಿಸಿ, ಸಾಕೆಟ್ಟಿನ ಮೇಲೆ ಕೈಯ ಹಿಂಬದಿ ಇಟ್ಟು ನೋಡಬೇಕು. ಮುಟ್ಟಲಾರದಷ್ಟು ಬಿಸಿ ಇದ್ದರೆ ಎಲ್ಲೋ ಜೋಡಣೆ ಸಡಿಲವಿದೆ.

ಟ್ರಿಗರ್ ಒತ್ತಿದಾಗ ಹೈ ಫ್ರೀಕ್ವೆನ್ಸಿಯಿಂದ ಆರ್ಕ್ ಹಚ್ಚುವ ಮಷಿನ್ನಾದರೆ ಪಕ್ಕದ ಕಂಪ್ಯೂಟರ್, ಸಿಎನ್‌ಸಿ ತಡವರಿಸಬಹುದು. ಎದೆಯಲ್ಲಿ ಪೇಸ್‌ಮೇಕರ್ ಇರುವವರು ಡಾಕ್ಟರನ್ನು ಕೇಳದೆ ಹತ್ತಿರ ಬರಬಾರದು. ಖರೀದಿಗೆ ಮೊದಲೇ ವಿಚಾರಿಸಿದರೆ ಹೈ ಫ್ರೀಕ್ವೆನ್ಸಿ ಇಲ್ಲದ ಮಾದರಿಗಳೂ ಸಿಗುತ್ತವೆ.

ಟಿಪ್ಪು ಬದಲಿಸುವಾಗ ಪ್ರತಿ ಸಲವೂ ಮಷಿನ್ನಿನ ಸ್ವಿಚ್ಚು ಆರಿಸಬೇಕು. ಟಾರ್ಚಿನ ಕ್ಯಾಪು ಸರಿಯಾಗಿ ಕೂರದಿದ್ದರೆ ಕರೆಂಟು ಬಿಡದ ಸುರಕ್ಷಾ ಸ್ವಿಚ್ಚೊಂದು ಒಳಗಿರುತ್ತದೆ. ಅದು ಕೆಟ್ಟಾಗ ಎರಡು ವೈರು ಕೂಡಿಸಿ “ಡೈರೆಕ್ಟ್” ಮಾಡಿಕೊಡುವ ರಿಪೇರಿಯವರಿದ್ದಾರೆ. ಅವರಿಗೆ ಬೇಡ ಎನ್ನಿ. ಮಷಿನ್ನಿನ ಕವಚ ಬಿಚ್ಚುವುದಿದ್ದರೆ ಪ್ಲಗ್ಗು ಕಿತ್ತು, ಕಂಪನಿ ಹೇಳಿದಷ್ಟು ಹೊತ್ತು ಕಾಯಬೇಕು. ಒಳಗಿನ ಕೆಪಾಸಿಟರುಗಳಲ್ಲಿ ಲೈನು ಆರಿದ ಮೇಲೂ ಚಾರ್ಜು ಉಳಿದಿರುತ್ತದೆ.

ಹೊಸ ಮಷಿನ್ನು ಬಂದ ಸುದ್ದಿ ಹಬ್ಬಿದರೆ ಯಾರೋ ಹಳೆಯ ಡ್ರಮ್ಮು ಉರುಳಿಸಿಕೊಂಡು ಬರುತ್ತಾರೆ. ನೀರಿನ ತೊಟ್ಟಿಗೆ, ದನದ ಬಾನಿಗೆ ಎಂದು ಅರ್ಧಕ್ಕೆ ಕೊಯ್ಯಿಸಬೇಕಿರುತ್ತದೆ. ಎಣ್ಣೆ, ಥಿನ್ನರ್, ಡೀಸೆಲ್ ತುಂಬಿದ್ದ ಡ್ರಮ್ಮು ಖಾಲಿಯಾಗಿ ಎಷ್ಟು ಕಾಲವಾದರೂ ಅದರ ಸಂದುಗಳಲ್ಲಿ ಉಳಿದ ಅಂಶ ಶಾಖಕ್ಕೆ ಆವಿಯಾಗಿ, ಮುಚ್ಚಿದ ಪೀಪಾಯಿ ಬಾಂಬಿನಂತೆ ಸಿಡಿಯುತ್ತದೆ. ಮುಚ್ಚಳ ತೆಗೆದಿದ್ದರೂ, ತೊಳೆದಿದ್ದೇವೆ ಎಂದರೂ ಒಪ್ಪಬೇಡಿ. ಆ ಕೂಲಿ ಬಿಟ್ಟುಬಿಡಿ.

ಮೇನ್ ಸ್ವಿಚ್ಚಿನ ಮೇಲೆ ಕನ್ನಡದಲ್ಲಿ ದೊಡ್ಡದಾಗಿ “ಮೇನ್” ಎಂದು ಬರೆದು, ಅದರ ಮುಂದೆ ಮಾಲು ಪೇರಿಸದಂತೆ ನೋಡಿಕೊಳ್ಳಬೇಕು. ಪಕ್ಕದಲ್ಲಿ ಪುಡಿಯ ಬೆಂಕಿ ಆರಿಸುವ ಸಿಲಿಂಡರು, 108ರ ನಂಬರು. ಯಾರಿಗಾದರೂ ಶಾಕ್ ಹೊಡೆದರೆ ಮೊದಲು ಕೈ ಹೋಗಬೇಕಾದ್ದು ಆ ಸ್ವಿಚ್ಚಿಗೆ, ಮನುಷ್ಯನಿಗಲ್ಲ. ಸ್ವಿಚ್ಚು ದೂರವಿದ್ದರೆ ಒಣಗಿದ ಮರದ ಕೋಲಿನಿಂದ ಟಾರ್ಚನ್ನು ದೂರ ತಳ್ಳಬೇಕು. ಉಸಿರು ನಿಂತಿದ್ದರೆ ಎದೆಯ ನಡುವೆ ನಿಮಿಷಕ್ಕೆ 100ರಿಂದ 120 ಸಲ ಒತ್ತುತ್ತ ಆಂಬುಲೆನ್ಸು ಬರುವವರೆಗೂ ನಿಲ್ಲಿಸದಿರಬೇಕು. ಇದನ್ನು ಶೆಡ್ಡಿನ ಯಜಮಾನರಷ್ಟೇ ಅರಿತರೆ ಸಾಲದು. ಅವರು ಮಾಲು ತರಲು ಹೋದ ಹೊತ್ತಿನಲ್ಲಿ ಅಲ್ಲಿ ಉಳಿಯುವ ಹೆಲ್ಪರ್ ಹುಡುಗನಿಗೂ ಕೈಹಿಡಿದು ಕಲಿಸಿರಬೇಕು.